ಬೋನ್ ಊರಿನ ಔಷಧದ ಕೋಣೆಯೂ ನಮ್ಮ ಕಾಸರಕನ ಬೀಜವೂ

(ಹಾಸನದಲ್ಲಿ ಫಾರ್ಮಸಿ ಮತ್ತು ಆಯುರ್ವೇದ ವಿದ್ಯಾರ್ಥಿಗಳು, ನಿವೃತ್ತ ಔಷಧಿಕಾರರು, ಊರಿನ ಆಸಕ್ತರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸ. ಓದಿಗೆ ಒಗ್ಗುವಂತೆ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹಳೆಯ ಆಸ್ಪತ್ರೆ ನೋಡಲು ಹೋದವರಿಗೆ ಸಾಮಾನ್ಯವಾಗಿ ಕಟ್ಟಡ ತೋರಿಸುತ್ತಾರೆ. ಯಾರು ಕಟ್ಟಿಸಿದರು, ಯಾವ ಇಸವಿ, ಶಂಕುಸ್ಥಾಪನೆಯ ಕಲ್ಲು ಎಲ್ಲಿದೆ, ಇಷ್ಟು ಹೇಳಿ ಮುಗಿಸುತ್ತಾರೆ. ನಾನು ಸರ್ಕಾರಿ ಆಸ್ಪತ್ರೆಗಳ ಔಷಧ ವಿಭಾಗದಲ್ಲೇ ಸೇವೆ ಮುಗಿಸಿದವನು. ನನ್ನ ಕಣ್ಣು ಮೊದಲು ಹುಡುಕುವುದು ಔಷಧ ಕೊಡುವ ಕಿಟಕಿಯನ್ನು. ಧರ್ಮಾಸ್ಪತ್ರೆ ಎಂದು ಬಾಗಿಲ ಮೇಲೆ ಬರೆದಿರಬಹುದು. ಆದರೆ ಕೈಯಲ್ಲಿ ಕಾಸಿಲ್ಲದೆ ಬಂದವನಿಗೆ ಅಲ್ಲಿ ಏನು ಅಳೆದು ಕೊಟ್ಟರು, ಅದು ಖಾಲಿಯಾದ ಮೇಲೆ ಮತ್ತೆ ತರಿಸುವ ದುಡ್ಡು ಎಲ್ಲಿಂದ ಬರುತ್ತಿತ್ತು ಎಂದು ಕೇಳಿದರೆ ಮಾತ್ರ ಆ ಧರ್ಮದ ಆಳ ಗೊತ್ತಾಗುತ್ತದೆ. ಈ ಪ್ರಶ್ನೆ ಇಟ್ಟುಕೊಂಡೇ ನಾನು ಫ್ರಾನ್ಸಿನ ಬೋನ್ ಎಂಬ ಊರಿಗೆ ಹೋಗಿದ್ದೆ. ಅಲ್ಲಿನ ಹಳೆಯ ಆಸ್ಪತ್ರೆಯ ಔಷಧದ ಕೋಣೆಯ ಬಗ್ಗೆ ಇವತ್ತು ಮಾತಾಡುತ್ತೇನೆ. ಹಾಸನದ ಸಭೆಯಲ್ಲಿ ಫ್ರಾನ್ಸಿನ ಮಾತೇಕೆ ಎಂದು ಕೇಳುವವರಿಗೆ, ಆ ಕಪಾಟಿನಲ್ಲಿ ನಮ್ಮ ಮಲೆನಾಡೂ ಕೂತಿದೆ ಎಂದಷ್ಟೇ ಈಗ ಹೇಳುತ್ತೇನೆ.

ಬೋನ್ ಬರ್ಗಂಡಿ ಸೀಮೆಯ ಸಣ್ಣ ಊರು. ಸುತ್ತ ಎಲ್ಲಿ ನೋಡಿದರೂ ದ್ರಾಕ್ಷಿ ತೋಟ. ಫ್ರಾನ್ಸ್ ಮತ್ತು ಇಂಗ್ಲೆಂಡಿನ ನಡುವೆ ನಡೆದ ನೂರು ವರ್ಷದ ಯುದ್ಧದ ಕೊನೆಯ ಕಾಲದಲ್ಲಿ ಈ ಸೀಮೆ ಹಾಳುಬಿದ್ದಿತ್ತು. 1435ರಲ್ಲಿ ಒಪ್ಪಂದವೇನೋ ಆಯಿತು, ಆದರೆ ಕೆಲಸ ಕಳೆದುಕೊಂಡ ಸೈನಿಕರ ಗುಂಪುಗಳು ಹಳ್ಳಿಹಳ್ಳಿ ಸುಲಿಗೆ ಮಾಡುತ್ತಿದ್ದವು. ಹಸಿವು, ಪಿಡುಗು ಎರಡೂ ಇದ್ದವು. ಆಗ ಬರ್ಗಂಡಿಯ ದೊರೆ ಫಿಲಿಪ್‌ನ ಮಂತ್ರಿಯಾಗಿದ್ದ ನಿಕೊಲಾ ರೊಲ್ಯಾಂ, ಅವನ ಹೆಂಡತಿ ಗಿಗೋನ್ ದ ಸಾಲ್ಯಾಂ ಸೇರಿ 1443ರಲ್ಲಿ ಬಡವರಿಗೆಂದು ಈ ಆಸ್ಪತ್ರೆ ಸ್ಥಾಪಿಸಿದರು. 1452ರ ಜನವರಿ 1ರಂದು ಮೊದಲ ರೋಗಿ ಒಳಗೆ ಬಂದ. ಆಮೇಲೆ ರಾಜರು ಹೋದರು, ಕ್ರಾಂತಿ ಆಯಿತು, ಎರಡು ಮಹಾಯುದ್ಧ ಕಳೆದವು. 1971ರಲ್ಲಿ ಹೊಸ ಕಟ್ಟಡಕ್ಕೆ ಸ್ಥಳಾಂತರವಾಗುವ ತನಕ ಅಲ್ಲಿ ರೋಗಿಗಳ ಆರೈಕೆ ನಡೆಯುತ್ತಲೇ ಇತ್ತು. ಐನೂರು ವರ್ಷಕ್ಕೂ ಮೇಲೆ ಒಂದೇ ಕೆಲಸಕ್ಕೆ ನಿಂತ ಕಟ್ಟಡ ಅದು.

ಬಣ್ಣದ ಹೆಂಚಿನ ಚಾವಣಿ, ಮಗುಚಿಟ್ಟ ದೋಣಿಯ ಆಕಾರದ ಮರದ ಒಳಮಾಡು, ಬಡವರ ವಾರ್ಡಿನಲ್ಲಿ ಎರಡೂ ಕಡೆ ಸಾಲಾಗಿ ಕೆಂಪು ಪರದೆಯ ಮಂಚಗಳು, ರೋಹಿರ್ ವಾನ್ ಡೆರ್ ವೇಡನ್ ಬರೆದ ಅಂತಿಮ ತೀರ್ಪಿನ ದೊಡ್ಡ ಚಿತ್ರಫಲಕ, ಇವೆಲ್ಲ ಯಾವ ಪ್ರವಾಸಿ ಪುಸ್ತಕದಲ್ಲೂ ಸಿಗುತ್ತವೆ. ಅವುಗಳ ಮುಂದೆ ಜನವೋ ಜನ. ಅಡುಗೆಮನೆ ದಾಟಿ ಔಷಧದ ಕೋಣೆಗೆ ಬಂದಾಗ ಗುಂಪು ಕರಗಿರುತ್ತದೆ. ನನಗೆ ಅದು ಒಳ್ಳೆಯದೇ ಆಯಿತು.

ಅಲ್ಲಿ ಗೋಡೆಗೆ 1751ರಲ್ಲಿ ಬರೆದ ಒಂದು ಚಿತ್ರವಿದೆ. ಇದೇ ಆಸ್ಪತ್ರೆಯಲ್ಲಿ ಔಷಧ ತಯಾರಿಸುವ ಕೆಲಸ ಹೇಗೆ ನಡೆಯುತ್ತಿತ್ತು ಎಂಬುದನ್ನು ತೋರಿಸುವ ಚಿತ್ರ. ಔಷಧ ಮಾಡುತ್ತಿದ್ದವರು ಇಲ್ಲಿನ ಸನ್ಯಾಸಿನಿಯರೇ. ಗಿಡಮೂಲಿಕೆ ತಮ್ಮದೇ ತೋಟದಲ್ಲಿ ಬೆಳೆದು, ಒಣಗಿಸಿ, ಕುಟ್ಟಿ, ಕಾಯಿಸಿ, ಸೋಸಿ ಕೊಡುತ್ತಿದ್ದರು. ದೊಡ್ಡದೊಂದು ಕಂಚಿನ ಕುಟ್ಟಾಣಿಯೂ ಇದೆ. ನಮ್ಮ ವೈದ್ಯರು ಕಲ್ಲಿನ ಕಲ್ವ, ಕಬ್ಬಿಣದ ಕಲ್ವ ಎಂದು ಬೇರೆ ಬೇರೆ ಇಟ್ಟುಕೊಳ್ಳುತ್ತಿದ್ದರಲ್ಲ, ಅಲ್ಲಿಯೂ ಅದೇ ವಿವೇಕ. ಗಟ್ಟಿ ಬೇರು, ತೊಗಟೆ ಕುಟ್ಟಲು ಕಂಚು. ಹುಳಿ ಇರುವ ಪದಾರ್ಥ ಅರೆಯಲು ಗಾಜು ಇಲ್ಲವೇ ಪಿಂಗಾಣಿ, ಏಕೆಂದರೆ ಹುಳಿ ತಾಗಿದರೆ ಕಂಚಿನಲ್ಲಿರುವ ತಾಮ್ರ ಬಿಟ್ಟುಕೊಳ್ಳುತ್ತದೆ.

ಕಪಾಟಿನಲ್ಲಿ 1782ರ ಪಿಂಗಾಣಿ ಜಾಡಿಗಳು, ಸುಮಾರು 130. ಇಂಥ ಜಾಡಿಗಳನ್ನು ಬಳಸಿ ಗೊತ್ತಿರುವವರಿಗೆ ಅವುಗಳ ಆಕಾರವೇ ಮಾತಾಡುತ್ತದೆ. ಯುರೋಪಿನ ಹಳೆಯ ಔಷಧದಂಗಡಿಗಳಲ್ಲಿ ಲೇಹ್ಯ, ಮುಲಾಮು ತುಂಬುವ ಜಾಡಿಗೆ ನಡು ಸ್ವಲ್ಪ ಸಣ್ಣ. ಸಾಲಿನಲ್ಲಿ ಒತ್ತೊತ್ತಾಗಿ ಇಟ್ಟಿದ್ದರೂ ನಡುವಿಗೆ ಬೆರಳು ತೂರಿಸಿ ಒಂದನ್ನೇ ಹೊರಗೆಳೆಯಬಹುದು. ಷರಬತ್ತಿನ ಪಾತ್ರೆಗೆ ಮೂತಿ ಇರುತ್ತದೆ, ಹಿಡಿ ಇರುತ್ತದೆ. ಮುಚ್ಚಳದ ಬದಲು ಚರ್ಮದ ಹಾಳೆ ಕಟ್ಟುತ್ತಿದ್ದರು, ಅದು ಜಾರದಿರಲೆಂದು ಬಾಯಿಯ ಸುತ್ತ ಒಂದು ತೋಡು. ಹೆಸರನ್ನು ಬಣ್ಣದಲ್ಲಿ ಬರೆದು ಕುಲುಮೆಯಲ್ಲಿ ಸುಟ್ಟುಬಿಡುತ್ತಿದ್ದರು. ಚೀಟಿ ಅಂಟಿಸಿದರೆ ಉದುರೀತು, ಅದಲುಬದಲಾದೀತು. ಸುಟ್ಟ ಅಕ್ಷರ ಎಲ್ಲಿಗೂ ಹೋಗದು. ದಿನವೂ ನೂರಾರು ಜನಕ್ಕೆ ಔಷಧ ಕೊಟ್ಟವರಿಗೆ ಆ ಎಚ್ಚರದ ಬೆಲೆ ಗೊತ್ತು.

ಪಕ್ಕದಲ್ಲೇ ಗಾಜಿನ ಭರಣಿಗಳು. ಒಂದರ ಮೇಲಿನ ಹೆಸರನ್ನು ನಾನು ತಕ್ಷಣ ಗುರುತಿಸಿದೆ. ನಕ್ಸ್ ವಾಮಿಕಾ ಪುಡಿ. ಅಂದರೆ ನಮ್ಮ ಕಾಸರಕ!

ಇಲ್ಲಿ ಕೂತಿರುವ ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಕಾಸರಕನ ಮರದ ಪರಿಚಯ ಮಾಡಿಸಬೇಕಿಲ್ಲ. ಕಿತ್ತಳೆ ಬಣ್ಣದ ಗುಂಡು ಹಣ್ಣು, ನೋಡಲು ಆಸೆಯಾಗುವಂತಿರುತ್ತದೆ. ಒಳಗೆ ಚಪ್ಪಟೆ ಬೀಜ, ಅಂಗಿಯ ಗುಂಡಿಯಷ್ಟು ದುಂಡಗೆ, ಬೂದು ಬಣ್ಣ. ಬೆರಳಲ್ಲಿ ಸವರಿದರೆ ರೇಷ್ಮೆಯ ನಯ, ಏಕೆಂದರೆ ಮೇಲೆಲ್ಲ ಮಲಗಿಸಿದಂತೆ ಸಣ್ಣ ರೋಮ. ಕಹಿ ಅಂದರೆ ಅಂತಿಂಥ ಕಹಿಯಲ್ಲ. ವಿಷವೂ ಹೌದು. ಅದರಲ್ಲಿರುವ ಸ್ಟ್ರಿಕ್ನಿನ್ ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ಹತೋಟಿಯಲ್ಲಿಡುವ ಸಂಕೇತವನ್ನೇ ತಡೆದುಬಿಡುತ್ತದೆ. ಆಗ ಸಣ್ಣ ಸದ್ದಿಗೂ ಮೈಯೆಲ್ಲ ಸೆಟೆದು ಬಿಲ್ಲಿನಂತೆ ಬಾಗುತ್ತದೆ. ಹಿಂದೆ ಬೀದಿನಾಯಿಗಳನ್ನು ಕೊಲ್ಲಲು ಬಳಸುತ್ತಿದ್ದದ್ದು ಇದನ್ನೇ.

ಅಂಥದ್ದನ್ನು ಔಷಧಿ ಮಾಡಿದ್ದು ಹೇಗೆ ಎಂಬುದೇ ನಮ್ಮ ಶಾಸ್ತ್ರದ ಸೊಗಸು. ಆಯುರ್ವೇದದ ವಿದ್ಯಾರ್ಥಿಗಳು ಇದನ್ನು ಓದಿರುತ್ತೀರಿ, ಆದರೂ ಉಳಿದವರಿಗಾಗಿ ಹೇಳುತ್ತೇನೆ. ಬೀಜವನ್ನು ಏಳು ದಿನ ಗೋಮೂತ್ರದಲ್ಲಿ ನೆನೆಹಾಕಬೇಕು, ಗೋಮೂತ್ರವನ್ನು ದಿನವೂ ಬದಲಾಯಿಸಬೇಕು. ಆಮೇಲೆ ಬಟ್ಟೆಯಲ್ಲಿ ಗಂಟು ಕಟ್ಟಿ, ಹಸುವಿನ ಹಾಲಿನಲ್ಲಿ ಮುಳುಗುವಂತೆ ತೂಗುಬಿಟ್ಟು ಬೇಯಿಸಬೇಕು. ಸಿಪ್ಪೆ ಸುಲಿದು, ಬೇಳೆ ಬಿಡಿಸಿ, ನಡುವಿನ ಮೊಳಕೆ ತೆಗೆದುಹಾಕಬೇಕು. ತುಪ್ಪದಲ್ಲಿ ಹುರಿದು, ಬಿಸಿ ಇರುವಾಗಲೇ ಪುಡಿ ಮಾಡಬೇಕು. ಈ ಯಾವ ಹಂತವನ್ನೂ ಬಿಡುವ ಹಾಗಿಲ್ಲ. ಹಸಿ ಬೀಜ ಕಲ್ಲಿನಷ್ಟು ಗಟ್ಟಿ, ಕುಟ್ಟಾಣಿಗೆ ಬಗ್ಗುವುದಿಲ್ಲ. ಪಾಶ್ಚಾತ್ಯ ಔಷಧಿಕಾರರು ಅದನ್ನು ಹಬೆಯಲ್ಲಿ ಮೆತ್ತಗೆ ಮಾಡಿ, ಹೋಳು ಮಾಡಿ, ಒಣಗಿಸಿ ಪುಡಿ ಮಾಡುತ್ತಿದ್ದರು. ಬೀಜದ ಗಟ್ಟಿತನಕ್ಕೆ ಎರಡೂ ಕಡೆಯವರು ಉಪಾಯ ಹುಡುಕಿದರು. ಆದರೆ ವಿಷವನ್ನು ಇಳಿಸಬೇಕೆಂಬ ಯೋಚನೆ ನಮ್ಮ ವೈದ್ಯರದ್ದು. ಪಾಶ್ಚಾತ್ಯರು ಅದನ್ನು ಪ್ರಮಾಣದ ಮೇಲಷ್ಟೇ ಬಿಟ್ಟರು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಡಿಸ್ಪೆನ್ಸರಿಯಲ್ಲೂ ಟಿಂಕ್ಚರ್ ನಕ್ಸ್ ವಾಮಿಕಾ, ಅಂದರೆ ಕಾಸರಕನ ಸಾರವನ್ನು ಮದ್ಯಸಾರದಲ್ಲಿ ಇಳಿಸಿದ ದ್ರಾವಣ, ಇರುತ್ತಿತ್ತು. ಊಟ ಸೇರುವುದಿಲ್ಲ ಎಂದು ಬಂದವರ ಮಿಕ್ಸ್ಚರಿಗೆ ಹನಿ ಲೆಕ್ಕದಲ್ಲಿ ಹಾಕುತ್ತಿದ್ದೆವು, ಕಹಿ ನಾಲಿಗೆಗೆ ತಾಗಿದರೆ ಹಸಿವು ಏಳುತ್ತದೆ ಎಂಬ ನಂಬಿಕೆ. ಮಲೆನಾಡಿನ, ಕರಾವಳಿಯ ಕಾಡಿನಲ್ಲಿ ಉದುರಿದ ಬೀಜ ಹಡಗೇರಿ ಫ್ರಾನ್ಸಿನ ಬಡವರ ಆಸ್ಪತ್ರೆಯ ಭರಣಿ ಸೇರಿತ್ತು. ಅದೇ ಬೀಜ ಟಿಂಕ್ಚರಿನ ರೂಪದಲ್ಲಿ ಮತ್ತೆ ನಮ್ಮ ಮಲೆನಾಡಿನ ಆಸ್ಪತ್ರೆಗೇ ಬರುತ್ತಿತ್ತು. ಆ ಗಾಜಿನ ಮುಂದೆ ನಿಂತು ನಾನು ಬಹಳ ಹೊತ್ತು ಇದನ್ನೇ ಯೋಚಿಸಿದೆ.

ಇನ್ನೊಂದು ಭರಣಿಯ ಹೆಸರು 'ಸೀಗಡಿಯ ಕಣ್ಣು' ಎಂಬಂತಿದೆ. ನೋಡುವವರು ಮುಖ ಸಿಂಡರಿಸುತ್ತಾರೆ. ಅದು ಕಣ್ಣಲ್ಲವೇ ಅಲ್ಲ. ಸಿಹಿನೀರಿನ ಸೀಗಡಿಯಂಥ ಒಂದು ಪ್ರಾಣಿ ಚಿಪ್ಪು ಕಳಚುವ ಮುಂಚೆ ಮೈಯ ಸುಣ್ಣವನ್ನು ಹೊಟ್ಟೆಯ ಗೋಡೆಯಲ್ಲಿ ಎರಡು ಬಿಳಿ ಹರಳಾಗಿ ಕೂಡಿಟ್ಟುಕೊಳ್ಳುತ್ತದೆ, ಹೊಸ ಚಿಪ್ಪು ಕಟ್ಟಲು. ಆ ಹರಳಿನಲ್ಲಿ ಹೆಚ್ಚಿನ ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಅದರ ಪುಡಿಯನ್ನು ಎದೆಯುರಿಗೆ ಕೊಡುತ್ತಿದ್ದರು, ಕೆಲಸವನ್ನೂ ಮಾಡುತ್ತಿತ್ತು. ನಮ್ಮಲ್ಲಿ ಆಮ್ಲಪಿತ್ತಕ್ಕೆ ಶಂಖಭಸ್ಮ, ಕವಡೆಯ ಭಸ್ಮ ಕೊಡುವುದಿಲ್ಲವೇ? ಇವತ್ತು ಮೆಡಿಕಲ್ ಶಾಪಿನಲ್ಲಿ ಚಪ್ಪರಿಸಲು ಕೊಡುವ ಆಂಟಾಸಿಡ್ ಮಾತ್ರೆಯಲ್ಲೂ ಬಹಳ ಸಲ ಇರುವುದು ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ಹೆಸರು ಕೇಳಿ ನಕ್ಕು ಮುಂದೆ ಹೋಗುವವರನ್ನು ಕಂಡಾಗ ನಿಲ್ಲಿಸಿ ಇಷ್ಟು ಹೇಳಬೇಕು ಅನ್ನಿಸುತ್ತದೆ.

ಹಾಗೆಂದು ಎಲ್ಲವೂ ಚಿನ್ನ ಎಂದು ನಾನು ಹೇಳಲಾರೆ. ಒದ್ದೆ ಕಲ್ಲಿನಡಿ ಮುಟ್ಟಿದರೆ ಉಂಡೆಯಾಗುವ ಹುಳುವಿನ ಪುಡಿಯೂ ಅಲ್ಲಿದೆ, ಮೂತ್ರ ಕಟ್ಟಿದವರಿಗೆ ಕುಡಿಸುತ್ತಿದ್ದರು. ಅದರಿಂದ ಯಾರಿಗೂ ಗುಣವಾಗಿರಲಾರದು. ಆ ಕಾಲದ ಯುರೋಪಿನ ಔಷಧಗಳಲ್ಲಿ ಪಾದರಸ ಇತ್ತು, ಸೀಸ ಇತ್ತು. ಹಳೆಯದೆಲ್ಲ ನಿರಪಾಯ, ಗಿಡದ್ದೆಲ್ಲ ಒಳ್ಳೆಯದು ಎಂದು ನಮ್ಮ ಕಡೆ ಹೇಳುವವರಿಗೂ ಕಾಸರಕವೇ ಉತ್ತರ. ಔಷಧದ ಕೋಣೆ ನಂಬಿಕೆಯಿಂದಷ್ಟೇ ನಡೆದ ಜಾಗವಲ್ಲ, ತಕ್ಕಡಿಯಿಂದ ನಡೆದ ಜಾಗ.

ತಕ್ಕಡಿಯ ಮಾತು ಬಂದಿದ್ದರಿಂದ ವಿದ್ಯಾರ್ಥಿಗಳಿಗೆ ಒಂದು ಲೆಕ್ಕ. ಇಂಗ್ಲಿಷ್ ಔಷಧ ತೂಕದಲ್ಲಿ 20 ಗ್ರೇನಿಗೆ ಒಂದು ಸ್ಕ್ರೂಪಲ್, 3 ಸ್ಕ್ರೂಪಲಿಗೆ ಒಂದು ಡ್ರಾಮ್, 8 ಡ್ರಾಮಿಗೆ ಒಂದು ಔನ್ಸ್. ಗ್ರೇನ್ ಎಂದರೆ ಮೂಲದಲ್ಲಿ ಧಾನ್ಯದ ಕಾಳು, ಈಗಿನ ಲೆಕ್ಕದಲ್ಲಿ ಸುಮಾರು 65 ಮಿಲಿಗ್ರಾಂ. ನಮ್ಮ ಪಂಡಿತರು, ಅಕ್ಕಸಾಲಿಗರು ತೂಗುತ್ತಿದ್ದದ್ದು ಗುಲಗಂಜಿಯಲ್ಲಿ. 96 ಗುಲಗಂಜಿಗೆ ಒಂದು ತೊಲ, ಬ್ರಿಟಿಷರು ತೊಲವನ್ನು 180 ಗ್ರೇನ್ ಎಂದು ನಿಗದಿ ಮಾಡಿದ್ದರು. ಹಾಗಾದರೆ ಒಂದು ಗುಲಗಂಜಿ ಎರಡು ಗ್ರೇನಿಗೆ ಕೊಂಚ ಕಡಿಮೆ. ವಿಷದ ಬೀಜ ತೂಗುವ ಕೈಗೆ ಈ 'ಕೊಂಚ'ದ ಅರ್ಥ ಗೊತ್ತಿರಬೇಕಿತ್ತು. ಹಳೆಯ ಡಿಸ್ಪೆನ್ಸರಿಗಳಲ್ಲಿ ಈ ಎರಡೂ ಲೆಕ್ಕ ಬಲ್ಲ ಕಾಂಪೌಂಡರುಗಳು ಇದ್ದರು, ಅವರಲ್ಲಿ ಕೆಲವರ ಕೈಕೆಳಗೆ ನಾನು ಕಲಿತೆ.

ಆ ಕಪಾಟಿನಲ್ಲಿ ಮಲೆನಾಡು ಕೂತಿದೆ ಎಂದೆನಲ್ಲ, ಅದು ಕಾಸರಕಕ್ಕೆ ಮುಗಿಯುವುದಿಲ್ಲ. ಫ್ರಾನ್ಸಿನಲ್ಲಿ ಬಹುಕಾಲ ಔಷಧ ಮಾರುವವರು ಮತ್ತು ಸಂಬಾರ ಮಾರುವವರು ಒಂದೇ ವೃತ್ತಿಸಂಘದಲ್ಲಿದ್ದರು. ಇಬ್ಬರನ್ನೂ ಬೇರೆ ಮಾಡಿದ್ದು 1777ರ ರಾಜಾಜ್ಞೆ. ನಮ್ಮ ಗ್ರಂಧಿಗೆ ಅಂಗಡಿಗೆ ಹೋದರೆ ಆ ಹಳೆಯ ಲೋಕ ಇವತ್ತಿಗೂ ಕಾಣುತ್ತದೆ. ಒಂದೇ ಗಲ್ಲಾಪೆಟ್ಟಿಗೆಯ ಹಿಂದೆ ಹಿಪ್ಪಲಿ, ಅಳಲೆಕಾಯಿ, ಏಲಕ್ಕಿ, ಬಾಣಂತಿ ಸಾಮಾನು ಎಲ್ಲ ಸಿಗುತ್ತವೆ. ಯುರೋಪಿನಲ್ಲಿ ಸರ್ವರೋಗಕ್ಕೂ ಮದ್ದೆಂದು ಹೆಸರಾಗಿದ್ದ ಥೀರಿಯಾಕ್ ಎಂಬ ಲೇಹ್ಯವನ್ನೇ ನೋಡಿ. ರೋಮಿನ ನೀರೋ ಚಕ್ರವರ್ತಿಯ ವೈದ್ಯ ಆಂಡ್ರೊಮಾಕಸ್‌ನ ಹೆಸರಿನಲ್ಲಿ ಬಂದ ಪಾಠದಲ್ಲಿ 64 ಪದಾರ್ಥಗಳು. ಹಾವಿನ ಮಾಂಸ, ಅಫೀಮಿನ ಜೊತೆ ಕರಿಮೆಣಸು, ಹಿಪ್ಪಲಿ, ಶುಂಠಿ. ಸಕಲೇಶಪುರದ ತೋಟದಲ್ಲಿ ಸಿಲ್ವರ್ ಮರಕ್ಕೆ ಹಬ್ಬಿಸಿ ಕಿಲೋ ಲೆಕ್ಕದಲ್ಲಿ ಮಾರುವ ಮೆಣಸು ಅಲ್ಲಿ ಸಂಬಾರ ಮಾತ್ರವಾಗಿರಲಿಲ್ಲ, ಔಷಧವೂ ಆಗಿತ್ತು.

ಈಗ ದುಡ್ಡಿನ ವಿಷಯ. ಇದೇ ಮುಖ್ಯ. ಬೋನ್ ಆಸ್ಪತ್ರೆಗೆ 1457ರಲ್ಲಿ ಒಬ್ಬ ಹೆಣ್ಣುಮಗಳು ದ್ರಾಕ್ಷಿ ತೋಟ ದಾನ ಕೊಟ್ಟಳು. ಅಲ್ಲಿಂದ ಮುಂದೆ ಅಂಥ ದಾನಗಳ ಸಾಲೇ ಬಂತು. ಇವತ್ತು ಆಸ್ಪತ್ರೆಯ ಹೆಸರಿನಲ್ಲಿ ಸುಮಾರು 60 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ 150 ಎಕರೆಯ ಹತ್ತಿರ ತೋಟವಿದೆ. ಅದರ ವೈನನ್ನು 1859ರಿಂದ ನವೆಂಬರಿನಲ್ಲಿ ಬಹಿರಂಗ ಹರಾಜು ಹಾಕುತ್ತಾರೆ. ತೋಟವನ್ನು ಉಳಿಸಿಕೊಂಡು ಫಸಲನ್ನು ಮಾರುತ್ತಾರೆ, ಬಂದದ್ದು ಆಸ್ಪತ್ರೆಗೆ. ನಿಕೊಲಾ 1462ರಲ್ಲಿ ತೀರಿಕೊಂಡ ಮೇಲೆ ಗಿಗೋನ್ 1470ರಲ್ಲಿ ತಾನು ಸಾಯುವ ತನಕ ಆಸ್ಪತ್ರೆಯನ್ನು ನೋಡಿಕೊಂಡಳು. ಕಟ್ಟಿಸುವುದು ಒಂದು ಬಗೆಯ ಔದಾರ್ಯ. ನಾಳೆ ಬೆಳಿಗ್ಗೆ ಭರಣಿ ಖಾಲಿಯಾದರೆ ಏನು ಗತಿ ಎಂದು ಯೋಚಿಸಿ ವ್ಯವಸ್ಥೆ ಮಾಡುವುದು ಅದಕ್ಕಿಂತ ದೊಡ್ಡದು ಎಂದು ನಾನು ನಂಬಿದ್ದೇನೆ.

ಈ ಯೋಚನೆ ನಮ್ಮ ಜಿಲ್ಲೆಗೆ ಹೊಸದೇನಲ್ಲ. ಶ್ರವಣಬೆಳಗೊಳದ ಶಾಸನಗಳನ್ನು ಓದಿ. ಗೊಮ್ಮಟನ ಅಭಿಷೇಕದ ಹಾಲಿಗೆಂದು ಇಂತಿಷ್ಟು ಗದ್ಯಾಣ ಮೂಲಧನ ಇಟ್ಟು, ಅದರ ಬಡ್ಡಿಯಲ್ಲಿ ದಿನಕ್ಕೆ ಇಷ್ಟು ಮಾನ ಹಾಲು ನಡೆಯಬೇಕೆಂದು ಬರೆಸಿದ್ದಾರೆ. ಮೂಲಧನ ಮುಟ್ಟುವ ಹಾಗಿಲ್ಲ. ಅದೇ ಶಾಸನಗಳ ಲೋಕದಲ್ಲಿ ದಾನಿಗಳನ್ನು ಹೊಗಳುವಾಗ ಮತ್ತೆ ಮತ್ತೆ ಬರುವ ಮಾತು ಆಹಾರ, ಅಭಯ, ಭೈಷಜ್ಯ, ಶಾಸ್ತ್ರದಾನ. ಅನ್ನದ ಸಾಲಿನಲ್ಲೇ ಔಷಧವನ್ನೂ ಇಟ್ಟರು. ತಮಿಳುನಾಡಿನ ತಿರುಮುಕ್ಕೂಡಲಿನ ದೇವಸ್ಥಾನದಲ್ಲಿ 11ನೇ ಶತಮಾನದ ಚೋಳರ ಶಾಸನವೊಂದಿದೆ. 15 ಹಾಸಿಗೆಯ ಆಸ್ಪತ್ರೆ, ಒಬ್ಬ ವೈದ್ಯ, ಒಬ್ಬ ಶಸ್ತ್ರವೈದ್ಯ, ಮೂಲಿಕೆ ತಂದು ಔಷಧ ಕಾಯಿಸುವವರು, ಆರೈಕೆಗೆ ಹೆಂಗಸರು, ಎಲ್ಲರಿಗೂ ಸಂಬಳದ ವಿವರ. ಅದಕ್ಕೂ ಮಿಗಿಲಾಗಿ ಆಸ್ಪತ್ರೆಯಲ್ಲಿ ದಾಸ್ತಾನು ಇರಬೇಕಾದ ಔಷಧಗಳ ಪಟ್ಟಿ: ವಾಸಾಹರೀತಕಿ, ದಶಮೂಲ ಹರೀತಕಿ, ಬಿಲ್ವಾದಿ ಘೃತ, ಕಲ್ಯಾಣ ಲವಣ, ಹೀಗೆ. ಕಲ್ಲಿನಲ್ಲಿ ಕೆತ್ತಿದ ಸ್ಟಾಕ್ ರಿಜಿಸ್ಟರ್ ಅದು! ನಮ್ಮ ಸಮೀಪದ್ದೇ ಬೇಕೆಂದರೆ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆ ಅರಳಗುಪ್ಪೆ ಮಲ್ಲೇಗೌಡರ ಹೆಸರು ಹೊತ್ತಿದೆ, ಹಾಸನದಲ್ಲಿ ಮಿಷನ್ನಿನವರ ರೆಡ್‌ಫರ್ನ್ ಆಸ್ಪತ್ರೆ ಎಷ್ಟು ತಲೆಮಾರಿನ ಬಾಣಂತನ ಕಂಡಿದೆ.

ಇಷ್ಟೆಲ್ಲ ಇದ್ದೂ ನಮ್ಮಲ್ಲಿ ಒಂದೇ ಒಂದು ಹಳೆಯ ಔಷಧದ ಕೋಣೆಯನ್ನು ನಾವು ಹಾಗೇ ಉಳಿಸಿಕೊಂಡು ಮಕ್ಕಳಿಗೆ ತೋರಿಸುತ್ತಿಲ್ಲ. ಇದು ನನ್ನ ಮನಸ್ಸಿನ ನೋವು. ನಾನು ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ ತೇಗದ ದೊಡ್ಡ ಬೀರು ಇತ್ತು. ಒಳಗೆ ನೆಲಮಟ್ಟದ ಖಾನೆಗೆ ಬೇರೆ ಬೀಗ, ಅದು ವಿಷದ ಖಾನೆ. ಅಲ್ಲಿನ ಬಾಟಲಿಗಳು ಆರು ಮೂಲೆಯವು, ಹಸಿರು ಮತ್ತು ಕಡುನೀಲಿ, ಮೈಮೇಲೆ ಉದ್ದುದ್ದ ಏಣುಗಳು. ರಾತ್ರಿ ದೀಪ ಆರಿದಾಗ ಕೈಗೆ ಸಿಕ್ಕಿದರೂ ಏಣು ತಾಗಿ ಇದು ವಿಷ ಎಂದು ಬೆರಳಿಗೆ ತಿಳಿಯಬೇಕು, ಅದಕ್ಕೆ ಹಾಗೆ ಮಾಡಿದ್ದು. ಹೊಸ ಕಟ್ಟಡಕ್ಕೆ ಹೋಗುವಾಗ ಬೀರುವನ್ನು ಕಂಡೆಮ್ ಮಾಡಿ ಹರಾಜು ಹಾಕಿದರು, ಬಾಟಲಿಗಳು ಗುಜರಿಗೆ ಹೋದವು. ರಿಜಿಸ್ಟರುಗಳನ್ನು ಸುಟ್ಟರು. ಬೀರು ಹೋದದ್ದಕ್ಕಿಂತ ರಿಜಿಸ್ಟರು ಸುಟ್ಟದ್ದು ದೊಡ್ಡ ನಷ್ಟ.

ಏಕೆಂದರೆ ಮಲೆನಾಡಿನ ಚಳಿಜ್ವರದ ಚರಿತ್ರೆ ಆ ಪುಟಗಳಲ್ಲಿತ್ತು. ಚಳಿಜ್ವರ ಅಂದರೆ ಮಲೇರಿಯಾ, ಅದರ ಮದ್ದಾದ ಕ್ವಿನೈನನ್ನು ಸಿಂಕೋನಾ ಮರದ ತೊಗಟೆಯಿಂದ ಬೇರ್ಪಡಿಸಿದ್ದು 1820ರಲ್ಲಿ, ಫ್ರಾನ್ಸಿನವರೇ ಆದ ಪೆಲ್ತಿಯೆ ಮತ್ತು ಕವಾಂತು. ಎರಡು ವರ್ಷ ಮುಂಚೆ ಕಾಸರಕದ ಬಳಗದ್ದೇ ಇನ್ನೊಂದು ಗಿಡದ ಬೀಜದಿಂದ ಸ್ಟ್ರಿಕ್ನಿನ್ ತೆಗೆದವರೂ ಅವರೇ. ಸಿಂಕೋನಾ ನೀಲಗಿರಿಗೆ ಬಂದದ್ದು 1860ರ ಸುಮಾರಿಗೆ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಮುಂಗಾರಿನ ಹಿಂದೆಮುಂದೆ ಡಿಸ್ಪೆನ್ಸರಿಯ ಮುಂದೆ ಜನ ಮನೆಯಿಂದಲೇ ಸೀಸೆ ತಂದು ನಿಲ್ಲುತ್ತಿದ್ದರು ಎಂದು ನನ್ನ ಹಿರಿಯ ಕಾಂಪೌಂಡರು ಹೇಳುತ್ತಿದ್ದರು. ಸೀಸೆಗೆ ಕೆಂಪು ಮಿಕ್ಸ್ಚರ್ ತುಂಬಿ, ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಗಂಜಿಯಲ್ಲಿ ಅಂಟಿಸಿ, ಒಂದು ಹಲ್ಲಿಗೆ ಒಂದು ಹೊತ್ತು ಎಂದು ತೋರಿಸಿಕೊಡಬೇಕು. ಓದು ಬಾರದವರಿಗೆ ಅದೇ ಓದು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂದು ಮನೆಮನೆಗೆ ಡಿಡಿಟಿ ಹೊಡೆದ ಮೇಲೆ ಆ ಸಾಲು ಕರಗಿತು. ಯಾವ ಊರಿನಲ್ಲಿ, ಯಾವ ತಿಂಗಳು ಎಷ್ಟು ಔನ್ಸ್ ಕ್ವಿನೈನ್ ಖರ್ಚಾಯಿತು ಎಂಬ ಇಂಡೆಂಟ್ ಪುಸ್ತಕ ಉಳಿದಿದ್ದರೆ ಈ ಬದಲಾವಣೆಯನ್ನು ಇವತ್ತು ಹೋಬಳಿ ಹೋಬಳಿಯಾಗಿ ನೋಡಬಹುದಿತ್ತು.

ಉಳಿದಿರುವುದು ಇನ್ನೂ ಇದೆ. ಹಳೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಉಗ್ರಾಣದಲ್ಲಿ, ಎಸ್ಟೇಟಿನ ಹಳೆಯ ಡಿಸ್ಪೆನ್ಸರಿಯಲ್ಲಿ, ತೀರಿಕೊಂಡ ಕಾಂಪೌಂಡರುಗಳ, ಪಂಡಿತರ ಮನೆಯ ಅಟ್ಟದಲ್ಲಿ. ಇಲ್ಲಿರುವ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಹೋದಾಗ ಕೇಳಿ ನೋಡಿ. ಮೊದಲು ಪುಸ್ತಕ, ರಿಜಿಸ್ಟರು, ಔಷಧ ತಯಾರಿಸುವ ಯೋಗಗಳನ್ನು ಕೈಯಲ್ಲಿ ಬರೆದಿಟ್ಟ ಹಾಳೆ. ಆಮೇಲೆ ತಕ್ಕಡಿ, ಪಿಂಗಾಣಿ ಕಲ್ವ, ಔನ್ಸ್ ಗ್ಲಾಸು, ಮಾತ್ರೆ ಉರುಳಿಸುವ ಹಲಗೆ. ಎತ್ತುವ ಮುಂಚೆ ಇದ್ದ ಜಾಗದಲ್ಲೇ ಫೋಟೊ ತೆಗೆಯಿರಿ, ಯಾವ ಹಲಗೆಯ ಮೇಲೆ ಯಾವುದರ ಪಕ್ಕ ಇತ್ತು ಎಂದು ಬರೆದಿಡಿ. ಬೀರು ಜೋಡಿಸಿದ ಕ್ರಮದಲ್ಲೇ ಆ ಔಷಧಿಕಾರನ ದಿನಚರಿ ಇರುತ್ತದೆ. ಬಾಟಲಿಯನ್ನು ಹೊಳೆಯಿಸುವ ಆಸೆಯಿಂದ ನೀರಿನಲ್ಲಿ ನೆನೆಹಾಕಬೇಡಿ, ಚೀಟಿ ಹೋದರೆ ಬಾಟಲಿ ಮೂಕವಾಗುತ್ತದೆ.

ಒಂದು ಎಚ್ಚರಿಕೆ ಕಡ್ಡಾಯ. ಔಷಧ ಉಳಿದಿರುವ ಬಾಟಲಿಯ ಬಿರಡೆಯನ್ನು ಯಾರೂ ತಿರುಗಿಸಬಾರದು. ಸುಟ್ಟಗಾಯಕ್ಕೆ ಹಚ್ಚುತ್ತಿದ್ದ ಪಿಕ್ರಿಕ್ ಆಸಿಡ್ ಒಣಗಿ ಹಳದಿ ಹರಳಾಗಿದ್ದರೆ ಬಿರಡೆಯ ತಿಕ್ಕಾಟಕ್ಕೇ ಸಿಡಿಯಬಹುದು. ಹಳೆಯ ಈಥರ್ ಕೂಡ ಹಾಗೆಯೇ. ಅಂಥದ್ದನ್ನು ಕಂಡರೆ ಮುಟ್ಟದೆ, ಬಾಗಿಲು ಹಾಕಿ, ನಿಮ್ಮ ಕಾಲೇಜಿನ ರಸಾಯನಶಾಸ್ತ್ರದ ಅಧ್ಯಾಪಕರಿಗೆ ತಿಳಿಸಿ, ಅವರು ಅಗ್ನಿಶಾಮಕ ದಳದವರನ್ನು ಕರೆಸುತ್ತಾರೆ. ರಿಜಿಸ್ಟರುಗಳಿಗೆ ಇಷ್ಟು ಭಯ ಬೇಡ, ಗೆದ್ದಲು ಹಿಡಿದಿದ್ದರೂ ತನ್ನಿ. ಹಾಳೆ ಬಿಡಿಸುವ ಕೆಲಸಕ್ಕೆ ನಾನು ಕೂರುತ್ತೇನೆ.